ಐದನೆಯ ಕುಳಿಯ ಕುಡುಗೋಲು ತಿರುವು

ಗಾಲ್ಫ್ ಕೋಲನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದೆ ಗಾಲ್ಫ್ ಮೈದಾನದ ಬಗ್ಗೆ ಮೂರು ತಾಸು ಮಾತನಾಡಬಲ್ಲವರು ನಮ್ಮ ಸೀಮೆಯಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ಈಗ ಎಂಬತ್ತೆರಡು. ಮೊಣಕಾಲಿಗೆ ನೋವು, ಎಡಗಣ್ಣಿಗೆ ಪೊರೆ; ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ! ಅವರು ನನ್ನ ಅಕ್ಕ. ಒಡಹುಟ್ಟಿದವಳಾದ್ದರಿಂದ ಇನ್ನು ಮುಂದೆ ‘ಅವಳು’ ಎನ್ನುತ್ತೇನೆ. ಓದುಗರು ದಯವಿಟ್ಟು ಎದ್ದು ನಿಂತು ಓದಿಕೊಳ್ಳಬೇಕು.

ನಾನೂ ಸಾಮಾನ್ಯನಲ್ಲವೆಂದು ಬಹುಕಾಲ ನಂಬಿದ್ದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ವಾಡಿ ಜಂಕ್ಷನ್ನಿನಲ್ಲಿ ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಗಳನ್ನು ಓದಿಯೇ ವಿದ್ಯಾವಂತನಾದವನು. ಯಾರು ಏನು ಹೇಳಿದರೂ ಆಧಾರ ಕೇಳುವುದು ನನ್ನ ಚಟ. ಮಳಖೇಡದ ಕೋಟೆಯಿಂದ ಕಾಗಿಣಾ ನದಿಯಡಿ ಸುರಂಗವಿದೆಯೆಂದು ಎಲ್ಲರೂ ಹೇಳುತ್ತಿದ್ದಾಗ, ಬ್ಯಾಟರಿ ಹಿಡಿದು ಒಳಗೆ ನುಗ್ಗಿದವನು ನಾನೊಬ್ಬನೇ. ಎಂಟು ಹೆಜ್ಜೆಗೆ ಸುರಂಗ ಮುಗಿಯಿತು, ಬಾವಲಿಗಳು ಮುಗಿಯಲಿಲ್ಲ! ಆದರೂ ಅಕ್ಕನ ಮುಂದೆ ನನ್ನ ಅನುಮಾನಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ.

ಶಹಾಬಾದಿನ ಹೊರಗೆ, ಹಳೆಯ ಕಾರ್ಖಾನೆಯೊಂದರ ಅಧಿಕಾರಿಗಳಿಗಾಗಿ ನಿಜಾಮರ ಕಾಲದಲ್ಲಿ ಮಾಡಿದ ಮೈದಾನವದು. ಒಂಬತ್ತು ಕುಳಿಗಳು. ಈಗ ಆಟಗಾರರಿಗಿಂತ ಎಮ್ಮೆಗಳೇ ಹೆಚ್ಚು. ಆದರೂ ಭಾನುವಾರ ನಾಲ್ಕಾರು ನಿವೃತ್ತ ಸಾಹೇಬರು ಬಂದು ಆಡುತ್ತಾರೆ. ಬಾಗಿಲಲ್ಲೊಂದು ಫಲಕವಿದೆ. ವಿಲಾಯತಿಯ ದೊರೆಯೊಬ್ಬನು ಹಡಗಿನಲ್ಲಿಯೇ ನಕ್ಷೆ ಬರೆದುಕೊಂಡು ಬಂದನಂತೆ, ರೈತರೆಲ್ಲ ಸಂತೋಷದಿಂದ ಭೂಮಿ ಮಾರಿದರಂತೆ. ಐದನೆಯ ಕುಳಿಯ ದಾರಿ ಕುಡುಗೋಲಿನಂತೆ ಬಾಗಿರುವುದು ಆ ದೊರೆಯ ಮಹಾಚಾತುರ್ಯವಂತೆ!

ಆ ‘ರೈತರೆಲ್ಲ’ರಲ್ಲಿ ನಮ್ಮ ಆಯಿಯೂ ಒಬ್ಬಳು, ತಂದೆಯ ತಾಯಿ, ನಮ್ಮಿಬ್ಬರನ್ನೂ ಸಾಕಿದವಳು. ತೀರಿಕೊಂಡವರನ್ನು ಸ್ವಂತ ಹೊಲದಲ್ಲಿ ಹೂಳುವುದು ನಮ್ಮ ಮನೆತನದ ರೂಢಿ. ಅಜ್ಜನ ಸಮಾಧಿ ಆಯಿಯ ಆ ಹೊಲದಲ್ಲಿತ್ತು. ಸುತ್ತಲಿನ ಹೊಲಗಳು ಮೈದಾನವಾಗಿ, ಬಂಡಿದಾರಿ ಮುಚ್ಚಿ, ತಂತಿಬೇಲಿ ಬಂದಮೇಲೆ ಅವಳು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದಳು. ದಾಯಾದಿಗಳಿಗೆ ಅಷ್ಟೇ ಸಾಕಾಯಿತು. ಗಂಡನ ಸಮಾಧಿಗೇ ಹೆಬ್ಬೆಟ್ಟು ಒತ್ತಿ ಚೆಂಡಾಟಕ್ಕೆ ಕೊಟ್ಟವಳು ಎಂದು ಮದುವೆ ಮನೆಗಳಲ್ಲಿ ಕೊಂಕು ತೆಗೆದರು. ಆಯಿ ಒಮ್ಮೆಯೂ ಉತ್ತರಿಸಲಿಲ್ಲ. ಆ ಮಾತನ್ನು ಹೊತ್ತುಕೊಂಡೇ ಹೋದಳು.

ಅದು ಸುಳ್ಳೆಂದು ರುಜುವಾತು ಮಾಡುತ್ತೇನೆಂದು ಅಕ್ಕ ಹೊರಟಾಗ ತಡೆದವನು ನಾನೇ.

“ಎಲ್ಲರಿಗೂ ಗೊತ್ತದಲ್ಲ ಅಕ್ಕಾ, ಅದನ್ನ ಯಾಕ ಕೆದಕತಿ?”

“ಎಲ್ಲರಿಗಿ ಅಂದ್ರ ಯಾರಿಗಿ? ಹೆಸರ ಹೇಳು.”



ಮೊದಲು ಮೈದಾನ ಅಳೆಯಬೇಕಿತ್ತು. ಟೇಪು ತರುತ್ತೇನೆಂದೆ, ಆ ಕಾಲದ ರೈತರ ಕೈಯಲ್ಲಿ ಟೇಪು ಎಲ್ಲಿತ್ತು ಎಂದಳು. ಎರಡೂ ಕೈ ಚಾಚಿದಷ್ಟು ಒಂದು ಮಾರು. ಬಾವಿಯ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿಕೊಂಡು, ಭಾನುವಾರವೇ, ಆಟದ ನಡುವೆಯೇ ಇಳಿದಳು. ಕೋಲು ಎತ್ತಿದ್ದ ಸಾಹೇಬರೊಬ್ಬರು ಎತ್ತಿದಂತೆಯೇ ನಿಂತು, ಚೆಂಡು ತಗುಲೀತು, ಸರಿಯಿರಿ ಎಂದು ಕೂಗಿದರು. “ಎಣಸಾಕತ್ತೀನಿ, ಸುಮ್ಮ ನಿಂದ್ರಿ,” ಎಂದಳು ಅಕ್ಕ. ಹತ್ತು ನಿಮಿಷದ ನಂತರ ನೋಡಿದರೆ ಹಗ್ಗದ ಇನ್ನೊಂದು ತುದಿ ಆ ಸಾಹೇಬರ ಕೈಯಲ್ಲಿತ್ತು!

ಮೈದಾನಕ್ಕೆ ಕೊಂಡ ಹೊಲಗಳ ಖರೀದಿ ಪತ್ರಗಳಿದ್ದದ್ದು ಚಿತ್ತಾಪುರದ ದಫ್ತರ ಕೋಣೆಯಲ್ಲಿ, ಎಲ್ಲವೂ ಉರ್ದುವಿನಲ್ಲಿ. ಯಾರಿಂದಲಾದರೂ ಓದಿಸಬಹುದಿತ್ತಲ್ಲವೇ? ಬೇರೆಯವರು ಹೇಳಿದ್ದನ್ನು ಕೇಳಿಯೇ ಇಷ್ಟೆಲ್ಲ ಆಗಿದೆ ಎಂಬುದು ಅವಳ ವಾದ. ಸೇಡಂನ ನಮ್ಮ ಓಣಿಯಲ್ಲಿ ಹೊಲಿಗೆ ಹಾಕುವ, ಎಲ್ಲರೂ ಖಾಲಾ ಅಂದರೆ ಚಿಕ್ಕಮ್ಮ ಎನ್ನುವ ಹೆಂಗಸು ಅವಳ ಗುರುವಾದಳು. ಅಕ್ಕ ಪ್ರತಿದಿನ ರೊಟ್ಟಿ ಬಡಿಯುವ ಮುನ್ನ ಜೋಳದ ಹಿಟ್ಟಿನಲ್ಲಿ ಬೆರಳಾಡಿಸಿ ಅಲಿಫ್, ಬೇ ಬರೆಯುತ್ತಿದ್ದಳು. ಒಂದು ವರ್ಷ ನಾನು ಉಂಡದ್ದು ವರ್ಣಮಾಲೆಯನ್ನೇ! ದಫ್ತರದ ಗುಮಾಸ್ತ ಒಮ್ಮೆ ಬೇಸತ್ತು ಕೇಳಿದ:

“ಈ ಹಳಿ ಕಾಗದ ನಿಮಗ್ಯಾಕ ಬೇಕ್ರಿ ಅಮ್ಮಾ?”

“ನಿಮಗ ಬ್ಯಾಡಾಗ್ಯಾವಲ್ಲ ಯಪ್ಪಾ, ಅದಕ್ಕ.”

ಮರುದಿನದಿಂದ ಅವನೇ ಕುರ್ಚಿ ಹಾಕಿಕೊಡತೊಡಗಿದ.

ಹನ್ನೊಂದು ಪತ್ರಗಳು ದೊರೆತವು. ಖರೀದಿ ಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತಾರೆ, ಅಂದರೆ ಹೊಲದ ನಾಲ್ಕು ದಿಕ್ಕಿಗೆ ಯಾರ ಯಾರ ಹೊಲಗಳಿವೆ ಎಂದು. ಅಕ್ಕ ನಮ್ಮ ಪಡಸಾಲೆಗೆ ಹಾಸಿದ ಶಹಾಬಾದಿ ಕಲ್ಲುಗಳ ಮೇಲೆ, ಕಲ್ಲಿಗೊಂದು ಹೊಲದಂತೆ, ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದು, ಹಗ್ಗದಲ್ಲಿ ಅಳೆದಿದ್ದ ಆಟದ ದಾರಿಯನ್ನೂ ಅದರ ಮೇಲೆ ಎಳೆದಳು. ಬೀಗರು ಬಂದರೂ ಗೋಡೆ ಹಿಡಿದೇ ನಡೆಯಬೇಕು! ಆದರೆ ಎಂತಹ ನೋಟ! ಹೊಲದ ಬದುಗಳಿದ್ದಲ್ಲೆಲ್ಲ ಆಟದ ದಾರಿ ತಿರುಗಿತ್ತು. ಹಡಗಿನಲ್ಲಿ ಬರೆದ ನಕ್ಷೆಯೆಲ್ಲಿ ಬಂತು? ಆ ಮೈದಾನದ ನಕ್ಷೆಯನ್ನು ನಮ್ಮ ರೈತರ ನೇಗಿಲುಗಳು ಎಂದೋ ಬರೆದಿಟ್ಟಿದ್ದವು. ನಾನು ಬೆರಗಾಗಿ ಎರಡು ದಿನ ಹಾದಿಹೋಕರನ್ನೆಲ್ಲ ಕರೆದು ಆ ಬದುಗಳನ್ನು ತೋರಿಸಿದೆ. ಮನೆಯವರಿಗೆ ಅದೇ ಹಬ್ಬವಾಯಿತು.

ಮೂರನೆಯ ದಿನ ಮುಂಜಾನೆ ಚಹಾ ಹಿಡಿದು, ಗೋಡೆ ಹಿಡಿಯುವುದನ್ನು ಮರೆತು, ಪಡಸಾಲೆಯ ನಡುವೆ ಹಾಯುತ್ತಿದ್ದಾಗ ಅಕ್ಕ ನಿಲ್ಲಿಸಿದಳು. ನನ್ನ ಕಾಲಡಿಯ ಕಲ್ಲು ಖಾಲಿಯಿತ್ತು. ಅದರ ಪತ್ರ ಎಲ್ಲಿಯೂ ಇರಲಿಲ್ಲ. ಆದರೆ ಸುತ್ತಲಿನ ನಾಲ್ಕೂ ಕಲ್ಲುಗಳ ಮೇಲೆ ಆಯಿಯ ಹೆಸರಿತ್ತು: ಪೂರ್ವದ ಹೊಲದ ಪಶ್ಚಿಮಕ್ಕೆ ಆಯಿಯ ಹೊಲ, ಉತ್ತರದ ಹೊಲದ ದಕ್ಷಿಣಕ್ಕೆ ಆಯಿಯ ಹೊಲ. ಮೈದಾನದಲ್ಲಿ ಆಟ ಶುರುವಾದಮೇಲೆ ಬರೆದ ಕೊನೆಯ ಪತ್ರದಲ್ಲಂತೂ ‘ಆಕೆಯ ಸ್ವಂತ ಹೊಲ, ಸಮಾಧಿ ಸಹಿತ’ ಎಂದೇ ಇತ್ತು. ಆ ಖಾಲಿ ಕಲ್ಲನ್ನು ಬಳಸಿ ಐದನೆಯ ಕುಳಿಯ ದಾರಿ ಕುಡುಗೋಲಿನಂತೆ ಬಾಗಿತ್ತು.

“ಆಯಿ ಮಾರಿಲ್ಲ,” ಎಂದೆ.

“ಮಾರಿಲ್ಲ. ಅಲ್ಲಿಂದ ಸರಿ ತಮ್ಮಾ, ಅಜ್ಜನ ಮ್ಯಾಲ ನಿಂತಿದಿ.”

ಸುರಂಗಕ್ಕೆ ಆಧಾರ ಕೇಳಿದವನು ನಾನು. ನನಗೆ ರೊಟ್ಟಿ ಮುರಿದು ಉಣಿಸಿದ ಕೈಯ ಹೆಬ್ಬೆಟ್ಟಿನ ಮೇಲೆ ಹೊರಿಸಿದ ಮಾತಿಗೆ ಮಾತ್ರ, ಇಷ್ಟು ವರ್ಷ, ಆಧಾರ ಕೇಳಿರಲಿಲ್ಲ.

ಶಹಾಬಾದಿನ ಫಲಕ ಇನ್ನೂ ಹಾಗೆಯೇ ಇದೆ. ಅಕ್ಕ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದಾಳೆ. ಪಡಸಾಲೆಯ ಸುಣ್ಣದ ಗೆರೆಗಳನ್ನು ಅವಳೇ ಎಂದೋ ತೊಳೆದಳು. ನಾನು ಮಾತ್ರ ಇಂದಿಗೂ ಅಡುಗೆಮನೆಯಿಂದ ಬಾಗಿಲಿಗೆ ನೇರವಾಗಿ ಹೋಗುವುದಿಲ್ಲ. ಆ ಕಲ್ಲು ಬಂದಾಗ, ದೊರೆಯ ಚೆಂಡಿನಂತೆ, ಬಾಗಿ ಹೋಗುತ್ತೇನೆ.