ಬಾಲವಿಲ್ಲದ ಯಂತ್ರಕ್ಕೆ ಬಾಲ ಮಂಜೂರು

ಕಾಮೆನ್‌ದೋಲ್ ಪುರಸಭೆಯು ಇಕ್ಕಟ್ಟಾದ ಓಣಿಗಳ ಹಿತದೃಷ್ಟಿಯಿಂದ, ಇಕ್ಕಟ್ಟಿಗೆಂದೇ ತಯಾರಾದ ಒಂದು ಅಗೆಯುವ ಯಂತ್ರವನ್ನು ಖರೀದಿಸಿತು. ಬಲ್ಗೇರಿಯದ ಗುಡ್ಡಗಳ ನಡುವಿನ ಆ ಊರಲ್ಲಿ ಎದುರುಬದುರು ಮನೆಯವರು ಕಿಟಕಿಯಿಂದಲೇ ಉಪ್ಪು ಕೈಬದಲಿಸಿಕೊಳ್ಳುತ್ತಾರೆ. ಮಾಮೂಲಿ ಯಂತ್ರ ಅಲ್ಲಿ ಸೊಂಟ ತಿರುಗಿಸಿದರೆ ಅದರ ಹಿಂಭಾಗ ಯಾರದೋ ಅಡುಗೆಮನೆಗೆ ಹೋಗಿ ಬರುತ್ತದೆ. ಹೊಸ ಯಂತ್ರ ಹಾಗಲ್ಲ. ಪೂರ್ತಿ ಸುತ್ತು ತಿರುಗಿದರೂ ಅದರ ಬೆನ್ನು ಚೈನುಗಾಲಿಗಳ ಅಗಲ ದಾಟುವುದಿಲ್ಲ. ಅದರ ವಿಶೇಷ ಇದೇ. ಆಕ್ಷೇಪಣೆ ಬಂದದ್ದೂ ಇದಕ್ಕೇ.

ಓಣಿಯಲ್ಲಿ ದೊನ್ಕಾಳ ಬೇಕರಿಯ ಮುಂದೆ ನೆಲದಡಿಯ ನೀರಿನ ಪೈಪು ಒಡೆದಿತ್ತು. ಚಳಿಗಾಲವಿಡೀ ಅವಳು ಚೌಕದ ಕಾರಂಜಿಯಿಂದ ಕ್ಯಾನುಗಳಲ್ಲಿ ನೀರು ಹೊತ್ತು ತಂದು ಹಿಟ್ಟು ನಾದಿದ್ದಳು. ಬಲಭುಜ ಈಗ ಮೇಲೇಳುತ್ತಿರಲಿಲ್ಲ. ಯಂತ್ರ ಬಂದ ಬೆಳಿಗ್ಗೆ, ಚಾಲಕ ಯಾಸೆನ್‌ಗೆ ಚೀಸ್ ತುಂಬಿದ ಬಿಸಿಬಿಸಿ ಬಾನಿತ್ಸಾ ರೊಟ್ಟಿ ಕೊಟ್ಟು ಕೇಳಿದಳು:

"ಎಷ್ಟೊತ್ತಿನ ಕೆಲಸ ಕಣಪ್ಪಾ?"

"ಊಟದ ಹೊತ್ತಿಗೆ ಮುಗಿಸ್ತೀನಿ ಅಕ್ಕಾ. ನಿಮ್ಮ ಗೋಡೆಗೆ ಧೂಳೂ ತಾಗಲ್ಲ."

ಅಷ್ಟರಲ್ಲಿ ಸುರಕ್ಷತಾ ನಿರೀಕ್ಷಕ ಪ್ರೊಡಾನೋವ್ ಅಳತೆಪಟ್ಟಿ ಹಿಡಿದು ಆಗಮಿಸಿದರು. ಯಂತ್ರದ ಹಿಂಭಾಗ ಹೊರಕ್ಕೆ ಎಷ್ಟು ಚಾಚುತ್ತದೋ ಅಷ್ಟು ದೂರಕ್ಕೆ ಕೆಂಪು ಹಗ್ಗ ಕಟ್ಟತಕ್ಕದ್ದು, ಹಗ್ಗವಿಲ್ಲದೆ ಕೆಲಸ ಆರಂಭಿಸತಕ್ಕದ್ದಲ್ಲ ಎಂಬುದು ನಿಯಮ.

"ಎಷ್ಟು ಚಾಚುತ್ತೆ?"

"ಚಾಚೋದೇ ಇಲ್ಲ ಸಾರ್."

"ಹಾಗಾದ್ರೆ ಹಗ್ಗ ಎಲ್ಲಿ ಕಟ್ಟೋದು?"

"ಕಟ್ಟೋದೇ ಬೇಡ ಸಾರ್. ಅಪಾಯವೇ ಇಲ್ವಲ್ಲ."

ಪ್ರೊಡಾನೋವ್ ಮುಖ ಗಂಟಿಕ್ಕಿದರು. "ಅಪಾಯ ಎಲ್ಲಿದೆ ಅಂತ ನೀನು ತೋರಿಸದಿದ್ರೆ ಸುರಕ್ಷತೆ ನಾನು ಎಲ್ಲಿಂದ ಕೊಡಲಯ್ಯಾ?"

ಕೆಲಸ ನಿಂತಿತು. ಉಪಮೇಯರ್ ಗ್ರೊಝೇವ್ ತುರ್ತು ಸಭೆ ಕರೆದು, ಯಂತ್ರದಲ್ಲಿರುವ ಅಪಾಯದ ಕೊರತೆಯನ್ನು ನೀಗಿಸಲು ಅದಕ್ಕೊಂದು ಬಾಲ ಮಂಜೂರು ಮಾಡಿದರು. ಬಾಲ ಕೂಡಿಸುವ ಗುತ್ತಿಗೆ ಅರ್ಹತೆಯ ಆಧಾರದ ಮೇಲೆ ಅವರ ಭಾಮೈದನಿಗೆ ಸಿಕ್ಕಿತು. ಆತ ಅಲ್ಲಿಯತನಕ ಸ್ಮಶಾನದ ಬೇಲಿಗಳನ್ನಷ್ಟೇ ಬೆಸುಗೆ ಹಾಕುತ್ತಿದ್ದ. ಕಬ್ಬಿಣದ ಬಾಲಕ್ಕೆ ಹಳದಿ ಬಣ್ಣ ಬಳಿದು ತುದಿಗೆ ಕೆಂಪು ದೀಪ ಸಿಕ್ಕಿಸಿದ. ಪ್ರೊಡಾನೋವ್ ಅಳೆದು, ಹಗ್ಗ ಕಟ್ಟಿಸಿ, ಸಂತೃಪ್ತಿಯಿಂದ ತಲೆಯಾಡಿಸಿದರು. ಹಗ್ಗ ದೊನ್ಕಾಳ ಬಾಗಿಲಿನಿಂದ ಒಳನುಗ್ಗಿ, ಒಲೆಯನ್ನು ಬಳಸಿ, ಹಿತ್ತಲಿನಿಂದ ಹೊರಬಂದಿತ್ತು.

ಮರುದಿನ ಬಾಗಿಲ ಮೇಲೆ ಪ್ರಕಟಣೆ ಅಂಟಿತು: "ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಕಟ್ಟಡವು ಪುರಸಭೆಯ ಬಾಲಕ್ಕೆ ಅಡ್ಡಿಪಡಿಸುತ್ತಿರುವುದರಿಂದ ಅದನ್ನು ತೆರವುಗೊಳಿಸಲಾಗುವುದು. ಕಟ್ಟಡವು ಸಹಕರಿಸಬೇಕಾಗಿ ವಿನಂತಿ."

ದೊನ್ಕಾ ಹಿಟ್ಟು ಮೆತ್ತಿದ ಕೈಯಲ್ಲೇ ಗ್ರೊಝೇವರ ಕಚೇರಿಗೆ ಓಡಿದಳು.

"ಸಾಹೇಬ್ರೇ, ಆ ಬಾಲ ಬಿಚ್ಚಿಸಿಬಿಡಿ ಸಾಕು. ನಮ್ಮತ್ತೆ ಕಟ್ಟಿಸಿದ ಒಲೆ ಅದು."

"ಏನಮ್ಮಾ ಹೀಗಂತೀಯ? ಬಾಲ ಈಗ ಸಾರ್ವಜನಿಕ ಆಸ್ತಿ. ನಿನ್ನ ಒಲೆ ಖಾಸಗಿ. ಬಿಚ್ಚಿಸಿದ್ರೆ ಊರಿನ ಜನ ನನ್ನ ಮುಖಕ್ಕೆ ಉಗೀತಾರೆ."

"ನೀರಿಗೋಸ್ಕರ ತಾನೇ ಇಷ್ಟೆಲ್ಲಾ? ಒಲೇನೇ ಹೋದ್ಮೇಲೆ ನೀರು ತಗೊಂಡು ನಾನೇನು ಮಾಡ್ಲಿ?"

"ನೀರು ಕೊಡೋದು ನಮ್ಮ ಇಲಾಖೆ. ಬಳಸೋದು ನಿನಗೆ ಬಿಟ್ಟದ್ದು."

ಕೆಡವಲು ದೊಡ್ಡ ಯಂತ್ರ ಬೇಕಾಯಿತು. ಅದು ಒಳಬರಲು ಓಣಿಯ ಬಾಯಲ್ಲಿದ್ದ ಎರಡು ಮನೆಗಳ ಮೂಲೆ ಒಡೆಯಲಾಯಿತು. ಈ ಗುತ್ತಿಗೆಯೂ ಭಾಮೈದನಿಗೇ ಹೋಯಿತು. ಈಗ ಅವನಿಗೆ ಅನುಭವವಿತ್ತು. ಆ ಬೆಳಿಗ್ಗೆ ದೊನ್ಕಾ ಕೊನೆಯ ಬಾರಿ ಒಲೆ ಹೊತ್ತಿಸಿದಳು. ಬೆಂದದ್ದನ್ನು ಒಡೆಯಲು ಬಂದವರಿಗೇ ಹಂಚಿದಳು, ಬೇರೆ ಗಿರಾಕಿಗಳು ಹಗ್ಗ ದಾಟುವಂತಿರಲಿಲ್ಲ. ಅವರು ಬೆರಳು ನೆಕ್ಕಿಕೊಂಡು, "ಎಂಥಾ ಕೈರುಚಿ ಅಕ್ಕಾ!" ಎಂದು ಕೆಲಸಕ್ಕೆ ಇಳಿದರು. ಇಟ್ಟಿಗೆಗಳಿನ್ನೂ ಬೆಚ್ಚಗಿದ್ದವು. ಅವಳು ಒಂದನ್ನು ಎತ್ತಿ ಎದೆಗವಚಿಕೊಂಡು ನಿಂತಿದ್ದಳು. ಪ್ರೊಡಾನೋವ್ ಹಗ್ಗದಾಚೆ ಸರಿಯುವಂತೆ ಸೂಚಿಸಿದರು, ಸರಿದಳು.

ಪೈಪು ಆಮೇಲೆ ಬಹಳ ಬೇಗ ದುರಸ್ತಿಯಾಯಿತು. ಬಯಲಲ್ಲಿ ಒಂಟಿಯಾಗಿ ನಿಂತ ನಲ್ಲಿಯಿಂದ ನೀರು ಭೋರ್ಗರೆಯಿತು. ಬ್ಯಾಂಡು ಬಾರಿಸಲಾಯಿತು. ಇಕ್ಕಟ್ಟಾದ ಜಾಗದಲ್ಲೂ ಈ ಯಂತ್ರ ಸರಾಗವಾಗಿ ಕೆಲಸ ಮಾಡಬಲ್ಲದೆಂದು ಗ್ರೊಝೇವ್ ವಿಶಾಲವಾದ ಬಯಲಲ್ಲಿ ನಿಂತು ಭಾಷಣ ಮಾಡಿದರು. ಪರಿಹಾರವಾಗಿ ದೊನ್ಕಾಳನ್ನು ಪುರಸಭೆಯ ಬಾಲಪಾಲಕಿಯಾಗಿ ನೇಮಿಸಲಾಯಿತು. ಬಾಲ ತಿರುಗುವಾಗ ಸೀಟಿ ಊದುವುದು ಅವಳ ಕೆಲಸ. ಹಳದಿ ಟೋಪಿಯೂ ಕೊಟ್ಟರು. ಭುಜ ಎತ್ತಬೇಕಾಗಿರಲಿಲ್ಲ, ಒಪ್ಪಿಕೊಂಡಳು.

ಮುಂದಿನ ವಾರ ಪಕ್ಕದ ಓಣಿಯವರು ದೂರು ಹೊತ್ತು ತಂದರು: ತಮ್ಮಲ್ಲಿ ಪೈಪು ಒಡೆದಿಲ್ಲವೆಂಬ ಒಂದೇ ಕಾರಣಕ್ಕೆ ತಮ್ಮನ್ನು ಕಡೆಗಣಿಸಲಾಗುತ್ತಿದೆ. ಅನ್ಯಾಯವನ್ನು ಕೂಡಲೇ ಸರಿಪಡಿಸಲಾಯಿತು. ಯಂತ್ರ ಬಾಲಸಮೇತ ಅಲ್ಲಿಗೆ ಹೊರಟಿತು.

ಅಲ್ಲಿನ ಚಮ್ಮಾರ ಮಿಂಚೋ ಅಂಗಡಿಯಿಂದ ಹೊರಬಂದು ಪಿಸುಗುಟ್ಟಿದ: "ದೊನ್ಕಾ, ನೀನು ನಮ್ಮವಳು. ನಿಜ ಹೇಳು, ನನ್ನ ಗೋಡೆ ಉಳಿಯುತ್ತಾ?"

ದೊನ್ಕಾ ಗೋಡೆಯನ್ನೊಮ್ಮೆ, ಬಾಲವನ್ನೊಮ್ಮೆ ನೋಡಿದಳು. ಟೋಪಿ ಸರಿಮಾಡಿಕೊಂಡಳು.

"ಅದು ಬಾಲ ಮಿಂಚೋ, ಅದಕ್ಕೂ ತಿರುಗೋಕೆ ಜಾಗ ಬೇಡ್ವಾ?" ಎಂದು ಸೀಟಿ ಊದಿದಳು.