ಕೊಬ್ಬರಿ ಗೋದಾಮಿನ ಅಪಹರಣಕಾರ

ಒಂದು ಕೋಣೆ, ಇಬ್ಬರು ಮನುಷ್ಯರು, ಬಿಗಿಯಾದ ಮಾತು. ರೋಚಕ ಸಿನಿಮಾ ತೆಗೆಯಲು ಇಷ್ಟೇ ಸಾಕೆಂದು ನಾನು ನಂಬಿದ್ದೆ. ಅರಸೀಕೆರೆಯಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವನಿಗೆ ಜನರನ್ನು ಕೋಣೆಯಲ್ಲಿ ಕೂಡಿಹಾಕಿ ಹೆದರಿಸುವುದು ಹೊಸ ವಿದ್ಯೆಯೇನಲ್ಲ.

ಕಥೆ, ಸಂಭಾಷಣೆ, ನಿರ್ದೇಶನ ಮತ್ತು ಅಪಹರಣಕಾರನ ಪಾತ್ರ ನನ್ನವು. ಕಣಕಟ್ಟೆಯ ಗೆಳೆಯ ಬಸವರಾಜು ತನ್ನ ಕೊಬ್ಬರಿ ಗೋದಾಮು ಬಿಟ್ಟುಕೊಟ್ಟ. ಒಂದೇ ಷರತ್ತು: ಒತ್ತೆಯಾಳು ಅವನೇ ಆಗಬೇಕು. ಕ್ಯಾಮೆರಾ ಎಂದರೆ ನನ್ನ ಹೆಂಡತಿ ಸುಶೀಲಳ ಮೊಬೈಲು. ಅದನ್ನು ಕೊಬ್ಬರಿ ಮೂಟೆಯ ಮೇಲೆ ಒರಗಿಸಿಟ್ಟೆವು.

ಆಟಿಕೆ ಪಿಸ್ತೂಲು ಮನೆಯಲ್ಲೇ ಉಳಿದಿತ್ತು. ಅಲ್ಲೇ ಬಿದ್ದಿದ್ದ ಕಾಯಿ ಒಡೆಯುವ ಮಚ್ಚು ಹಿಡಿದೆ. ಬಸವರಾಜುವನ್ನು ಹಗ್ಗದಿಂದ ಕುರ್ಚಿಗೆ ಕಟ್ಟಿದೆ. ನೈಜವಾಗಿರಲೆಂದು ಬಾಗಿಲಿಗೆ ಒಳಗಿನಿಂದ ಚಿಲಕವನ್ನೂ ಜಡಿದೆ. ಸುಶೀಲ ಹೊರಗೆ ಕಾವಲಿಗೆ ನಿಂತಳು.

"ಮಿಸುಕಿದ್ರೆ ಇಲ್ಲೇ ಮುಗಿಸ್ತೀನಿ," ಎಂದು ಗುಡುಗಿದೆ.

"ಆಯ್ತು ಸಾರ್," ಎಂದ ಬಸವರಾಜು.

"ಅಪಹರಣಕಾರನ್ನ ಯಾರಾದ್ರೂ ಸಾರ್ ಅಂತಾರೇನೋ?"

"ಕೈಲಿ ಮಚ್ಚೈತಲ್ಲ ಕಣ್ಲಾ, ಮರ್ಯಾದೆ ಕೊಡಾನ ಅನ್ನಿಸ್ತು."

ಏಳನೇ ಸಲ ಗುಡುಗುವ ಹೊತ್ತಿಗೆ ನನ್ನ ದನಿ ರಸ್ತೆ ತಲುಪಿತ್ತು. ಡೈರಿಗೆ ಹಾಲು ಹಾಕಲು ಹೊರಟಿದ್ದ ಪಕ್ಕದ ಮನೆಯ ಕೆಂಪಮ್ಮ ಕಿಟಕಿಯಲ್ಲಿ ಇಣುಕಿದಳು. ಮಚ್ಚು, ಹಗ್ಗ, ಬಸವರಾಜು, ಮೂರನ್ನೂ ಒಟ್ಟಿಗೆ ಕಂಡಳು. ಐದೇ ನಿಮಿಷದಲ್ಲಿ ಅರ್ಧ ಊರು ಗೋದಾಮಿನ ಮುಂದಿತ್ತು.

"ಇದು ಸಿನಿಮಾ ಶೂಟಿಂಗ್ ಕಣ್ರೀ," ಎಂದು ಸುಶೀಲ ಸಾರಿ ಸಾರಿ ಹೇಳಿದಳು. "ಒಳಗೆ ಮೊಬೈಲ್ ಇಟ್ಟಿದೀವಿ."

"ಮೊಬೈಲು ನಮ್ಮನೇಲೂ ಐತೆ," ಎಂದಳು ಕೆಂಪಮ್ಮ. "ಶೂಟಿಂಗ್ ಅಂದ್ರೆ ಲೈಟೆಲ್ಲೈತೆ? ಹೀರೋಯಿನ್ ಎಲ್ಲವ್ಳೆ?"

ನಮ್ಮ ಬಡ ಬಂಡವಾಳವೇ ನನ್ನ ವಿರುದ್ಧ ಸಾಕ್ಷಿ ನುಡಿಯಿತು.

ಬಾಗಿಲು ತೆರೆಯಲು ಓಡಿದೆ. ತುಕ್ಕು ಹಿಡಿದ ಚಿಲಕ ಕಚ್ಚಿಕೊಂಡಿತ್ತು. ಮಚ್ಚಿನ ಹಿಡಿಯಿಂದ ಬಡಿದೆ. ಹೊರಗಿನವರು ಆ ಸದ್ದಿಗೆ ಬೇರೆಯೇ ಅರ್ಥ ಕಟ್ಟಿ ಚೀರಿದರು.

"ಬಸವರಾಜು, ನೀನಾದ್ರೂ ನಿಜ ಹೇಳೋ," ಎಂದು ಅಂಗಲಾಚಿದೆ.

ಆದರೆ ಕಿಟಕಿಯ ತುಂಬ ಪ್ರೇಕ್ಷಕರನ್ನು ಕಂಡು ಅವನೊಳಗಿನ ಕಲಾವಿದ ಎದ್ದು ಕೂತಿದ್ದ. ಬೆಳಗಿನಿಂದ ಒಂದು ಸಾಲೂ ನೆನಪಿರದವನು, "ನನ್ನ ಹೆಂಡ್ತಿ ಮಕ್ಳನ್ನ ನೋಡ್ಕಳ್ರಪ್ಪೋ," ಎಂದು ಗದ್ಗದಿತನಾದ. ಹೊರಗೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಕಾರಣ ಬೇರೆ.

ಕೊನೆಗೆ ಸುಶೀಲಳೇ ಕಿಟಕಿಗೆ ಬಂದಳು. "ರೀ, ಮೊದ್ಲು ಮಚ್ಚು ಕೆಳಗಿಡಿ. ಕೈ ಮೇಲೆತ್ತಿ. ಗೋಡೆ ಕಡೆ ತಿರುಗಿ."

ಮದುವೆಯಾದಂದಿನಿಂದ ರೂಢಿಯಿತ್ತು. ಹೇಳಿದಂತೆ ಮಾಡಿದೆ. ಬಾಗಿಲು ಮುರಿದು ನುಗ್ಗಿದವರು ಬಸವರಾಜುವಿನ ಕಟ್ಟು ಬಿಚ್ಚಿ, ಆ ಕುರ್ಚಿಗೆ ನನ್ನನ್ನು ಕಟ್ಟಿದರು. ಸುಶೀಲ ಮೂಟೆಯ ಮೇಲಿದ್ದ ಮೊಬೈಲು ತೆಗೆದು ಶೂಟಿಂಗ್ ತೋರಿಸಿದ ಮೇಲೆಯೇ ನನಗೆ ಬಿಡುಗಡೆ.

ಮೊಬೈಲು ಎಲ್ಲವನ್ನೂ ಹಿಡಿದಿಟ್ಟಿತ್ತು. ನಾನು ಬರೆದ ದೃಶ್ಯಗಳನ್ನೆಲ್ಲ ಕಿತ್ತೆಸೆದು ಆ ಗಲಾಟೆಯನ್ನೇ ಸಿನಿಮಾ ಮಾಡಿದೆ. ಹಳೇಬೀಡಿನಲ್ಲಿ ತೋರಿಸಿದಾಗ ಬಂದವರು ಏಳೇ ಜನ. ಅದರಲ್ಲೂ ಇಬ್ಬರು ಬಸ್ಸು ತಪ್ಪಿಸಿಕೊಂಡವರು. ಆದರೆ ಆ ಇಬ್ಬರೂ ಮುಂದಿನ ಬಸ್ಸನ್ನು ಬೇಕೆಂದೇ ಬಿಟ್ಟು ಕೊನೆತನಕ ಕೂತರು. ಅವರ ಬಾಯಿಂದ ಸುದ್ದಿ ಹಬ್ಬಿ, ಬೇಲೂರಿನ ಒಂದು ಕಿರುಚಿತ್ರ ಸ್ಪರ್ಧೆಯಿಂದ ಕರೆ ಬಂತು.

ಅಲ್ಲಿ ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. "ಅಪಹರಣಕಾರನೇ ಇಷ್ಟು ಅಸಹಾಯಕನಾಗಿ ನಡುಗುವ ಅಭಿನಯ ನಾವು ಕಂಡಿರಲಿಲ್ಲ," ಎಂದರು ತೀರ್ಪುಗಾರರು. ಅತ್ಯುತ್ತಮ ಚಿತ್ರ ನಮ್ಮದು. ಅತ್ಯುತ್ತಮ ನಟ ನಾನು. ಕಣಕಟ್ಟೆಯಿಂದ ಬಂದಿದ್ದವರು ಶಿಳ್ಳೆ ಹೊಡೆದರು. ನನ್ನನ್ನು ಕಟ್ಟಿಹಾಕಿದ್ದವರೇ ಹೆಗಲ ಮೇಲೆ ಹೊತ್ತು ಕುಣಿದರು.

ಕೊನೆಗೆ ಅತ್ಯುತ್ತಮ ಸಂಭಾಷಣೆಗೂ ನನ್ನ ಹೆಸರನ್ನೇ ಕೂಗಿದರು. ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಗಂಭೀರವಾಗಿ ಕೈಮುಗಿದು ಕೆಳಗಿಳಿದೆ.

"ರೀ," ಎಂದು ಸುಶೀಲ ಕಿವಿಯಲ್ಲಿ ಕೇಳಿದಳು, "ಅದ್ರಲ್ಲಿ ನೀವು ಬರ್ದಿದ್ದ ಮಾತು ಎಷ್ಟಿದೆ?"

ಹಾರ ಸರಿಮಾಡಿಕೊಂಡು ಹೇಳಿದೆ: "ಒಂದೂ ಇಲ್ಲ ಕಣೇ. ಅದಕ್ಕೇ ಪ್ರಶಸ್ತಿ ಬಂದಿರೋದು."