ಗಡಿ ದಾಟದ ಪೆಟ್ಟಿಗೆ

ತೊಂದರೆ ಶುರುವಾದದ್ದು ನಾಣ್ಯದಗಲದ ಒಂದು ಅರಗಿನ ಮುದ್ರೆಯಿಂದ.

ಟೈಲರನ ಅಣ್ಣ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡ. ಇಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ ಅಕ್ಕ ಇದ್ದದ್ದು ಗಡಿಯಾಚೆ, ಪಕ್ಕದ ರಾಜ್ಯದಲ್ಲಿ. "ಮನೆಗೇ ಕರ್ಕೊಂಡ್ಬಾ. ಮುಖ ನೋಡ್ದೆ ಏನೂ ಮಾಡ್ಬೇಡ ಕಣೋ," ಎಂದು ಫೋನಿನಲ್ಲಿ ಅತ್ತಳು.

ರಾಜ್ಯದಿಂದ ಹೊರಗೆ ಹೋಗುವ ಶವದ ಪೆಟ್ಟಿಗೆಗೆ ಮೊಳೆ ಹೊಡೆದು ಮುದ್ರೆ ಒತ್ತಬೇಕೆಂಬುದು ಈಚೆಯ ಕಾನೂನು. ಆಸ್ಪತ್ರೆಯವರು ಒತ್ತಿದರು. ಪಕ್ಕದ ಮನೆಯ ನಿವೃತ್ತ ಕೋರ್ಟು ಗುಮಾಸ್ತರು, ಬೀದಿಯವರ ಬಾಯಲ್ಲಿ 'ಸೆಕ್ಷನ್ ಮಾವ', ಯಾರೂ ಕರೆಯದಿದ್ದರೂ ವ್ಯಾನು ಹತ್ತಿದರು.

ಗಡಿಯಲ್ಲಿ ಆಚೆಯ ಅಧಿಕಾರಿ ತಡೆದ. "ಮುಚ್ಚಳ ತೆಗೀರಿ. ಒಳಗೆ ಯಾರಿದ್ದಾರೆ ಅಂತ ನೋಡದೆ ಬಿಡೋ ಹಾಗಿಲ್ಲ. ಇದು ನಮ್ಮ ರಾಜ್ಯದ ಕಾನೂನು."

"ನಮ್ಮಣ್ಣ ಇದ್ದಾನೆ ಸಾರ್."

"ನೀವು ಹೇಳಿದ್ರೆ ಆಗಲ್ಲ."

ಟೈಲರು ಈಚೆಯ ಗೇಟಿಗೆ ಓಡಿದ. ಅಲ್ಲಿಯವನು, "ಮುದ್ರೆ ಒಡೆದ್ರೆ ನಮ್ಮ ಕಾಗದ ರದ್ದು," ಎಂದ. ಆಚೆಗೆ ಓಡಿದ. "ಕಾಗದ ರದ್ದಾದ್ರೆ ಪೆಟ್ಟಿಗೆ ವಾಪಸ್," ಎಂದ ಆಚೆಯ ಅಧಿಕಾರಿ. ಹೊಲಿಗೆ ಯಂತ್ರದ ಸೂಜಿಯಂತೆ ಟೈಲರು ಎರಡು ಗೇಟಿನ ನಡುವೆ ಒಂದೇ ಸಮನೆ ಆಡಿದ. ಹೊಲಿಗೆ ಮಾತ್ರ ಬೀಳಲಿಲ್ಲ.

"ತಾಳಪ್ಪ, ನಾನು ಮಾತಾಡ್ತೀನಿ," ಎಂದು ಸೆಕ್ಷನ್ ಮಾವ ಮುಂದೆ ಬಂದರು. ಅವರು ಬಾಯಿ ತೆರೆದಾಗಲೆಲ್ಲ ಅಧಿಕಾರಿಗೆ ಹೊಸ ಕಾಗದವೊಂದು ನೆನಪಾಗುತ್ತಿತ್ತು. ಮೊದಲು ಅಣ್ಣನ ವಯಸ್ಸಿನ ದಾಖಲೆ, ಆಮೇಲೆ ತಮ್ಮನದು, ಕೊನೆಗೆ ಮಾವನದೇ.

ಮಧ್ಯಾಹ್ನವಾಯಿತು. ಪೆಟ್ಟಿಗೆಯ ಕೆಳಗಿನ ಐಸು ಕರಗಿ ರಸ್ತೆಗೆ ತೊಟ್ಟಿಕ್ಕತೊಡಗಿತು. ಅಕ್ಕನ ಫೋನು ಬಂತು.

"ಎಲ್ಲಿದ್ದೀಯೋ?"

"ಗಡಿ ಹತ್ರಾನೇ ಅಕ್ಕ. ಇನ್ನೇನು ಬಂದ್ವಿ."

ಮಾವ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಬೂದಿಗೆ ಎರಡೂ ಕಡೆ ಕಾಗದ ಬೇಡ ಕಣಪ್ಪ. ಇನ್ನೂ ಕಾದ್ರೆ ಅಕ್ಕ ನೋಡೋ ಹಾಗೂ ಇರಲ್ಲ ಮುಖ."

ಟೈಲರು ರಸ್ತೆಯ ಮೇಲಿನ ಒದ್ದೆಯನ್ನು ನೋಡಿದ. ಆಮೇಲೆ ವ್ಯಾನು ತಿರುಗಿಸಲು ಹೇಳಿದ. ಅಕ್ಕನಿಗೆ ಫೋನು ಮಾಡುವ ಧೈರ್ಯವಾಗಲಿಲ್ಲ.

ಈಚೆಯ ಚಿತಾಗಾರದಲ್ಲಿ ಮುದ್ರೆ ಒಡೆಯಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅಣ್ಣನ ಅಂಗಿಯ ಗುಂಡಿಯೊಂದು ಸಡಿಲವಾಗಿ ನೇತಾಡುತ್ತಿತ್ತು. ಟೈಲರು ಕಾಲರಿನಲ್ಲಿ ಸಿಕ್ಕಿಸಿದ್ದ ಸೂಜಿ ತೆಗೆದ.

"ಸುಡೋ ಅಂಗಿಗೆ ಯಾಕಪ್ಪಾ?" ಎಂದರು ಮಾವ. ಆದರೂ ಕನ್ನಡಕ ಸರಿಮಾಡಿಕೊಂಡು ನೂಲು ಪೋಣಿಸಿಕೊಟ್ಟರು.

ಸಂಜೆ ಬೂದಿಯ ಮಡಕೆ ಹಿಡಿದು ಬಂದಾಗ ಆಚೆಯ ಅಧಿಕಾರಿ ತಲೆಯೆತ್ತದೆ ಗೇಟು ತೆಗೆದ. ಗೇಟಿನಾಚೆ ಬೆಂಚಿನ ಮೇಲೆ ಅಕ್ಕ ಆಗಷ್ಟೇ ಬಂದು ಕೂತಿದ್ದಳು. ತಮ್ಮನನ್ನು ಕಂಡು ಕೈಯಲ್ಲಿದ್ದ ಕಾಗದ ಆಡಿಸುತ್ತ ಎದ್ದುಬಂದಳು.

"ನೀನು ಸಿಕ್ಕಾಕೊಂಡಿದ್ದೀಯ ಅಂತ ದನೀಲೇ ಗೊತ್ತಾಯ್ತು. ಹೋಗಿ ದೊಡ್ಡ ಸಾಹೇಬರ ಕಾಲು ಹಿಡ್ಕೊಂಡೆ. ನೋಡು, ಸಹಿ ಹಾಕಿದ್ದಾರೆ. ಮುದ್ರೆ ಒಡೀದೆ ಬಿಡ್ಬೇಕಂತೆ, ಮನೇಲೇ ತೆರೀಬಹುದಂತೆ. ಎಲ್ಲೋ ಅವನು? ವ್ಯಾನಲ್ಲಿದ್ದಾನಾ?"

ಟೈಲರು ಮಡಕೆ ಮುಂದೆ ಚಾಚಿದ.

ಅಕ್ಕ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಒಮ್ಮೆ ಈಚೆಗೆ ತಿರುಗಿಸಿದಳು, ಒಮ್ಮೆ ಆಚೆಗೆ.

"ಮುಖ ಯಾವ ಕಡೆಗಿದೆಯೋ?" ಎಂದಳು.